ಅಟ್ಟದ ಇಲಿ, ಗದ್ದೆಯ ಹೆಗ್ಗಣ, ಬಚ್ಚಲ ಸುಂಡಿಲಿ: ಯಾರು ಯಾರಿಗೆ ನೆಂಟರು?

ಪ್ರಶ್ನೆ: ನಮ್ಮದು ಶಿರಸಿ ತಾಲೂಕಿನ ಹುಲೇಕಲ್ ಕಡೆಯ ಹಳ್ಳಿ. ಅಡಿಕೆ ತೋಟ, ಅದರ ನಡುವೆ ಬಾಳೆ, ಮೆಣಸಿನ ಬಳ್ಳಿ, ಕೊಕ್ಕೋ, ಅಂಚಿನಲ್ಲಿ ತೆಂಗು, ಕೆಳಗೆ ಸ್ವಲ್ಪ ಗದ್ದೆ. ಮನೆಯ ಅಟ್ಟದ ಮೇಲೆ ಉದ್ದ ಬಾಲದ ಕಪ್ಪು ಇಲಿ ಓಡಾಡುತ್ತದೆ, ಅಡುಗೆಮನೆಯ ಡಬ್ಬಿಗಳ ಹಿಂದೆ ಚಿಟ್ಟಿಲಿ ಇದೆ, ಬಚ್ಚಲ ಹತ್ತಿರ ರಾತ್ರಿ ಕಿಚಕಿಚ ಎನ್ನುವ, ನಾರುವ, ಉದ್ದ ಮೂತಿಯ ಸುಂಡಿಲಿ ಬರುತ್ತದೆ, ಗದ್ದೆಯ ಬದುವಿನಲ್ಲಿ ಹೆಗ್ಗಣ ಮಣ್ಣು ಗುಡ್ಡೆ ಹಾಕುತ್ತದೆ. ಕೊಕ್ಕೋ ಕಾಯಿ ಮತ್ತು ಎಳನೀರನ್ನು ಏನೋ ಕೊರೆದು ಹಾಕುತ್ತಿದೆ. ಚಿಟ್ಟಿಲಿ ಬೆಳೆದರೆ ಇಲಿಯಾಗುತ್ತದೆ, ಇಲಿ ಕೊಬ್ಬಿದರೆ ಹೆಗ್ಗಣವಾಗುತ್ತದೆ, ಎಲ್ಲದಕ್ಕೂ ಒಂದೇ ಮದ್ದು ಸಾಕು ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಬಿ.ಎಸ್ಸಿ. ಓದುವ ಮಗಳು, ಸುಂಡಿಲಿ ಇಲಿಯೇ ಅಲ್ಲ ಎನ್ನುತ್ತಾಳೆ. ಅವಳ ಹಳೆಯ ಪುಸ್ತಕದಲ್ಲಿ ದಂಶಕಗಳಿಗೆ, ಅಂದರೆ ಇಲಿ, ಅಳಿಲಿನಂಥ ಕೊರೆಯುವ ಪ್ರಾಣಿಗಳಿಗೆ, ಮೂರು ಉಪಗಣ, ಹೊಸ ಟಿಪ್ಪಣಿಯಲ್ಲಿ ಐದು. ಕಾಲೇಜಿನ ಪ್ರಾಜೆಕ್ಟಿಗೆ ಯಾವುದನ್ನು ಬರೆಯಬೇಕು? ತೋಟದ ಇಲಿಯೂ ಅಟ್ಟದ ಇಲಿಯೂ ಒಂದೆಯೋ? ಮದ್ದು ಇಡಬಹುದೋ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಹೆಣೆದುಕೊಂಡಿವೆ. ಒಂದು ಮಗಳ ಪ್ರಾಜೆಕ್ಟಿನದು, ಇನ್ನೊಂದು ತೋಟದ ನಷ್ಟದ್ದು. ಕಾರವಾರದಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತ, ಸಣ್ಣ ಸಸ್ತನಿಗಳ ತಲೆಬುರುಡೆಗಳನ್ನು ಲೆನ್ಸಿನ ಕೆಳಗಿಟ್ಟು ನೋಡುತ್ತ ಬಂದ ನನ್ನ ಅನುಭವದಲ್ಲಿ, ಮೊದಲನೆಯದು ಬಗೆಹರಿಯದೆ ಎರಡನೆಯದು ಬಗೆಹರಿಯುವುದಿಲ್ಲ. ನೀವು ಹೆಸರಿಸಿದ ನಾಲ್ಕು ಪ್ರಾಣಿಗಳು ಒಂದೇ ಮನೆತನದವಲ್ಲ, ಆದ್ದರಿಂದ ಅವುಗಳಿಗೆ ಒಂದೇ ಮದ್ದೂ ಇಲ್ಲ.

ಮೊದಲು ಸುಂಡಿಲಿಯ ವಿಷಯ. ನಿಮ್ಮ ಮಗಳು ಹೇಳಿದ್ದು ಸರಿ. ಬಚ್ಚಲ ಹತ್ತಿರ ಗೋಡೆಯ ಬುಡ ಹಿಡಿದು ಓಡುವ ಆ ಪ್ರಾಣಿ, ಅಂದರೆ ಸುಂಕಸ್ ಮ್ಯೂರೈನಸ್, ದಂಶಕಗಳ ಗಣಕ್ಕೇ ಸೇರಿದ್ದಲ್ಲ. ಅದು ಮುಳ್ಳಿಲಿ, ಮೋಲ್ ಮೊದಲಾದ ಕೀಟಭಕ್ಷಕಗಳ ಗಣದ್ದು. ಸತ್ತ ಸುಂಡಿಲಿಯೊಂದು ಸಿಕ್ಕರೆ ಕೈಗವಸು ಹಾಕಿಕೊಂಡು ಬಾಯಿ ಬಿಡಿಸಿ ನೋಡಿ. ಇಲಿಯ ಬಾಯಲ್ಲಿ ಮೇಲೆ ಒಂದು ಜೊತೆ, ಕೆಳಗೆ ಒಂದು ಜೊತೆ ಉಳಿಯಂಥ ಹಳದಿ ಬಾಚಿಹಲ್ಲು, ಅದರ ಹಿಂದೆ ಬರಿಯ ಒಸಡಿನ ಉದ್ದ ಖಾಲಿ ಜಾಗ, ಆಮೇಲೆ ಪ್ರತಿ ಬದಿಗೆ ಮೂರು ಮೂರು ದವಡೆ ಹಲ್ಲು, ಒಟ್ಟು 16. ಸುಂಡಿಲಿಯ ಬಾಯಲ್ಲಿ ಖಾಲಿ ಜಾಗವೇ ಇಲ್ಲ. ಕೊಕ್ಕೆಯಂತೆ ಬಾಗಿದ ಮುಂದಿನ ಹಲ್ಲಿನಿಂದ ಹಿಂದಿನವರೆಗೂ ಚೂಪು ಚೂಪಾದ ಬಿಳಿ ಹಲ್ಲುಗಳ ಸಾಲು, ಒಟ್ಟು 30. ಹಲ್ಲು ನೋಡಲು ಮನಸ್ಸಾಗದಿದ್ದರೆ ಮುಂಗಾಲಿನ ಬೆರಳೆಣಿಸಿ: ಇಲಿಯಲ್ಲಿ ಹೆಬ್ಬೆರಳು ಕುಗ್ಗಿ ನಾಲ್ಕೇ ಉಗುರುಳ್ಳ ಬೆರಳು ಕಾಣುತ್ತವೆ, ಸುಂಡಿಲಿಯಲ್ಲಿ ಐದೂ ಸ್ಪಷ್ಟವಾಗಿರುತ್ತವೆ.

ವಂಶಾವಳಿಯ ದೃಷ್ಟಿಯಿಂದ ಈ ವ್ಯತ್ಯಾಸ ಎಷ್ಟು ದೊಡ್ಡದು ಎಂದರೆ, ದಂಶಕಗಳೂ ಮೊಲಗಳೂ ಸೇರಿದ ಗುಂಪು ನಮ್ಮ ಮನುಷ್ಯ ಮತ್ತು ಮಂಗಗಳ ಗುಂಪಿಗೆ ಹತ್ತಿರದ್ದು. ಸುಂಡಿಲಿಯಾದರೋ ಬಾವಲಿ, ಹಸು, ಕುದುರೆ, ನಾಯಿಗಳಿರುವ ಇನ್ನೊಂದು ಮಹಾಶಾಖೆಗೆ ಸೇರಿದ್ದು. ಸರಳವಾಗಿ ಹೇಳುವುದಾದರೆ ನಿಮ್ಮ ಅಟ್ಟದ ಇಲಿಗೆ ಸುಂಡಿಲಿಗಿಂತ ನೀವೇ ಹತ್ತಿರದ ನೆಂಟರು. ವ್ಯಾವಹಾರಿಕವಾಗಿಯೂ ಇದಕ್ಕೆ ಅರ್ಥವಿದೆ. ಸುಂಡಿಲಿಯ ಮುಖ್ಯ ಆಹಾರ ಜಿರಳೆ, ಹುಳು, ಎರೆಹುಳು. ಅಕ್ಕಿಯ ತುಣುಕಿಗೆ ಮದ್ದು ಬೆರೆಸಿಟ್ಟರೆ ಅದು ಹೆಚ್ಚಾಗಿ ಮೂಸುವುದೂ ಇಲ್ಲ. ಅದರ ಮೈಯ ಕಸ್ತೂರಿ ಗ್ರಂಥಿಯ ವಾಸನೆಯಿಂದಾಗಿ ಬೆಕ್ಕು ಕೊಂದರೂ ತಿನ್ನುವುದು ಕಡಿಮೆ. ಬಚ್ಚಲ ನೀರು ಹೋಗುವ ಕಂಡಿಗೆ ಜಾಲರಿ ಹಾಕಿದರೆ ಅದು ಹೊರಗೇ ಉಳಿಯುತ್ತದೆ, ಹೊರಗೆ ಇದ್ದುಕೊಂಡು ಹುಳ ತಿಂದು ನಿಮಗೆ ಉಪಕಾರವನ್ನೇ ಮಾಡುತ್ತದೆ.

ಇನ್ನು ಚಿಟ್ಟಿಲಿ ಬೆಳೆದು ಇಲಿಯಾಗುತ್ತದೆ, ಇಲಿ ಬೆಳೆದು ಹೆಗ್ಗಣವಾಗುತ್ತದೆ ಎಂಬ ಮಾತು. ಇದು ನಮ್ಮ ಜಿಲ್ಲೆಯಲ್ಲಷ್ಟೇ ಅಲ್ಲ, ಎಲ್ಲ ಕಡೆಯೂ ಕೇಳಿಬರುತ್ತದೆ, ಮತ್ತು ಕಣ್ಣಿಗೆ ಕಾಣುವುದನ್ನು ನೋಡಿದರೆ ಹಾಗೆ ಅನ್ನಿಸುವುದು ಸಹಜವೂ ಹೌದು. ಆದರೆ ಅದು ನಿಜವಲ್ಲ. ಮನೆಯ ಚಿಟ್ಟಿಲಿ, ಮಸ್ ಮಸ್ಕ್ಯುಲಸ್, ಹದಿನೈದು ಇಪ್ಪತ್ತು ಗ್ರಾಂ ತೂಗುವಾಗಲೇ ಪೂರ್ಣ ಬೆಳೆದು ಮರಿ ಹಾಕುತ್ತಿರುತ್ತದೆ. ಅದೇ ತೂಕದ ಇಲಿಮರಿ ಇನ್ನೂ ಹಾಲು ಕುಡಿಯುವ ಕೂಸು. ಎರಡನ್ನೂ ಅಕ್ಕಪಕ್ಕ ಇಟ್ಟಾಗ ಮರಿಯ ತಲೆ ಮೈಗೆ ಹೋಲಿಸಿದರೆ ದಪ್ಪ, ಹಿಂಗಾಲಿನ ಪಾದ ಮೈಗೆ ಮೀರಿ ಉದ್ದ. ಗೂಡು ಬಿಟ್ಟು ಓಡಾಡುವ ಇಲಿಮರಿಯ ಹಿಂಪಾದ ಎರಡು ಸೆಂಟಿಮೀಟರನ್ನು ದಾಟಿರುತ್ತದೆ. ಚಿಟ್ಟಿಲಿಯದು ಮುದಿಯಾದರೂ ಸಾಮಾನ್ಯವಾಗಿ ಅಷ್ಟಾಗುವುದಿಲ್ಲ. ಇನ್ನೂ ಖಚಿತವಾಗಬೇಕಾದರೆ ಮೇಲ್ದವಡೆ ನೋಡಬೇಕು. ಚಿಟ್ಟಿಲಿಯ ಮೊದಲನೆಯ ದವಡೆ ಹಲ್ಲೊಂದೇ ಹಿಂದಿನ ಎರಡೂ ಸೇರಿದ್ದಕ್ಕಿಂತ ಉದ್ದವಾಗಿರುತ್ತದೆ, ಮತ್ತು ಮೇಲಿನ ಬಾಚಿಹಲ್ಲನ್ನು ಬದಿಯಿಂದ ನೋಡಿದರೆ ಅದರ ತುದಿಯ ಹಿಂಭಾಗದಲ್ಲಿ ಮೆಟ್ಟಿಲು ಕಡಿದಂಥ ಒಂದು ಕಚ್ಚು ಕಾಣುತ್ತದೆ. ಇಲಿಯಲ್ಲಿ ಇವೆರಡೂ ಇಲ್ಲ.

ವರ್ಣತಂತುಗಳ (ಕ್ರೋಮೋಸೋಮ್) ಎಣಿಕೆಯೂ ಇದನ್ನೇ ಹೇಳುತ್ತದೆ. ಮನೆಯ ಚಿಟ್ಟಿಲಿಗೆ 40, ನಮ್ಮ ಕಡೆಯ ಕಪ್ಪು ಇಲಿ ರಾಟಸ್ ರಾಟಸ್‌ಗೆ 38, ಬಂದರು ಊರುಗಳ ಚರಂಡಿಯ ಕಂದು ಇಲಿ ರಾಟಸ್ ನಾರ್ವೆಜಿಕಸ್‌ಗೆ 42, ಗದ್ದೆಯ ಹೆಗ್ಗಣ ಬ್ಯಾಂಡಿಕೋಟಾ ಬೆಂಗಾಲೆನ್ಸಿಸ್‌ಗೆ 42. ಅಷ್ಟಕ್ಕೇ ಎಲ್ಲವೂ ತೀರ್ಮಾನವಾಗುವುದಿಲ್ಲ ಎಂಬುದನ್ನೂ ಹೇಳಬೇಕು: ಒಂದೇ ಸಂಖ್ಯೆ ಇದ್ದ ಮಾತ್ರಕ್ಕೆ ಒಂದೇ ಪ್ರಭೇದವಾಗುವುದಿಲ್ಲ, ಕಂದು ಇಲಿ ಮತ್ತು ಹೆಗ್ಗಣಗಳೇ ಅದಕ್ಕೆ ಸಾಕ್ಷಿ. ಹಾಗೆಯೇ ಹೊಲಗಳಲ್ಲಿ ಬದುಕುವ ಒರಟು ಚಪ್ಪಟೆ ಕೂದಲಿನ ಮಸ್ ಪ್ಲಾಟಿಥ್ರಿಕ್ಸ್‌ಗೆ ಬರಿ 26 ವರ್ಣತಂತುಗಳಿವೆ, ಆದರೂ ಅದು 40 ಇರುವ ಮನೆಯ ಚಿಟ್ಟಿಲಿಯ ಕುಲದ್ದೇ.

ಹಾಗಾದರೆ ಯಾರು ಯಾರಿಗೆ ಹತ್ತಿರ? ನಿಮ್ಮ ಮನೆಯ ಮೂರು ನಿಜವಾದ ದಂಶಕಗಳನ್ನು ತೆಗೆದುಕೊಂಡರೆ, ಚಿಟ್ಟಿಲಿ ಮತ್ತು ಇಲಿ ರೂಪದಲ್ಲಿ ಒಂದೇ ಅಚ್ಚು, ಹೆಗ್ಗಣ ಮಾತ್ರ ಬೇರೆ ಎಂದು ಹೆಚ್ಚಿನವರು ಊಹಿಸುತ್ತಾರೆ. ವಾಸ್ತವ ತಿರುಗುಮುರುಗು. ಇಲಿ ಮತ್ತು ಹೆಗ್ಗಣ ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳು. ಬ್ಯಾಂಡಿಕೋಟಾ ಕುಲವು ರಾಟಸ್ ಕುಲದ ಪಕ್ಕದಲ್ಲೇ, ಇತ್ತೀಚೆಗೆ ಕವಲೊಡೆದದ್ದು. ಚಿಟ್ಟಿಲಿಯ ಕವಲು ಇವೆರಡರಿಂದಲೂ ಸುಮಾರು 1.2 ಕೋಟಿ ವರ್ಷಗಳ ಹಿಂದೆಯೇ ಬೇರೆಯಾಗಿದೆ. ಈ ಅಂಕಿಗೆ ಆಧಾರ ಇರುವುದು ಹಿಮಾಲಯದ ಅಡಿಯ ಶಿವಾಲಿಕ್ ಪದರಗಳಲ್ಲಿ, ವಿಶೇಷವಾಗಿ ಇಂದಿನ ಪಾಕಿಸ್ತಾನದ ಪೋಟವಾರ್ ಪ್ರಸ್ಥಭೂಮಿಯಲ್ಲಿ. ಅಲ್ಲಿ ನದಿಯ ಹೂಳು ಲಕ್ಷಾಂತರ ವರ್ಷ ಪದರ ಪದರವಾಗಿ ಕೂತಿದೆ. ಆ ಮಣ್ಣನ್ನು ಜಾಲರಿಯಲ್ಲಿ ತೊಳೆದು ಸೋಸಿದಾಗ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಹಲ್ಲುಗಳು ಸಿಗುತ್ತವೆ. ಸುಮಾರು 1.4 ಕೋಟಿ ವರ್ಷ ಹಿಂದಿನ ಪದರದಲ್ಲಿ ಆಂಟಿಮಸ್ ಎಂಬ ಪ್ರಾಣಿಯ ಹಲ್ಲು, ಅದರ ಮೇಲೆ ಸುಮಾರು 1.2 ಕೋಟಿ ವರ್ಷದ ಪದರದಲ್ಲಿ ಪ್ರೊಗೊನೊಮಿಸ್ ಎಂಬುದರ ಹಲ್ಲು.

ಈ ಹಲ್ಲುಗಳಲ್ಲಿ ನೋಡಬೇಕಾದದ್ದು ಗುಬುಟುಗಳ, ಅಂದರೆ ಹಲ್ಲಿನ ಮೇಲ್ಮೈಯ ಸಣ್ಣ ಉಬ್ಬುಗಳ ಸಾಲು. ಹ್ಯಾಮ್‌ಸ್ಟರ್ ಮೊದಲಾದವುಗಳ ಕ್ರಿಸೆಟಿಡೇ ಕುಟುಂಬದಲ್ಲಿ ಮೇಲಿನ ದವಡೆ ಹಲ್ಲಿನ ಮೇಲೆ ಗುಬುಟುಗಳು ಉದ್ದಕ್ಕೆ ಎರಡು ಸಾಲಾಗಿರುತ್ತವೆ. ನಮ್ಮ ಇಲಿ, ಚಿಟ್ಟಿಲಿ, ಹೆಗ್ಗಣಗಳಲ್ಲಿ ನಾಲಿಗೆಯ ಕಡೆಗೆ ಮೂರನೆಯ ಸಾಲೊಂದು ಸೇರಿ, ಮೂರೂ ಅಡ್ಡಕ್ಕೆ ಕೂಡಿಕೊಂಡು ಕಮಾನುಗಳಾಗುತ್ತವೆ. ಎಳೆಯ ಇಲಿಯ ಹಲ್ಲಿನಲ್ಲಿ ಇದು ಚೆನ್ನಾಗಿ ಕಾಣುತ್ತದೆ, ಮುದಿ ಇಲಿಯಲ್ಲಿ ಸವೆದು ಹೋಗಿರುತ್ತದೆ. ಆಂಟಿಮಸ್‌ನಲ್ಲಿ ಆ ಮೂರನೆಯ ಸಾಲು ಆಗಷ್ಟೇ ಮೊಳೆಯುತ್ತಿದೆ, ಇತರ ಗುಬುಟುಗಳ ಜೊತೆ ಇನ್ನೂ ಕೂಡಿಲ್ಲ, ಪ್ರೊಗೊನೊಮಿಸ್‌ನಲ್ಲಿ ಕೂಡಿದೆ. ಜಗತ್ತಿನ ಇಲಿಗಳ ಮ್ಯೂರಿನೇ ಉಪಕುಟುಂಬದ ಆದಿಯ ಹೆಜ್ಜೆಗಳು ಇಷ್ಟು ಸ್ಪಷ್ಟವಾಗಿ ಉಳಿದಿರುವ ಜಾಗ ಇನ್ನೊಂದಿಲ್ಲ, ಅದೂ ನಮ್ಮ ಉಪಖಂಡದಲ್ಲೇ. ಇಲಿ ಎಂದರೆ ಹಡಗಿನಲ್ಲಿ ಹೊರಗಿನಿಂದ ಬಂದ ಪೀಡೆ ಎಂದು ಕಾರವಾರದಲ್ಲಿ ಹಲವರು ಹೇಳುವುದುಂಟು. ಕಂದು ಇಲಿಯ ಮಟ್ಟಿಗೆ ಆ ಮಾತು ನಡೆಯುತ್ತದೆ. ಕಪ್ಪು ಇಲಿಯ ಮಟ್ಟಿಗೆ ತದ್ವಿರುದ್ಧ: ಯುರೋಪು, ಆಫ್ರಿಕ, ಅಮೆರಿಕಗಳಿಗೆ ಹರಡಿದ ಕಪ್ಪು ಇಲಿಯ ಮೂಲ ಭಾರತದ ಕಡೆಯದು ಎಂದು 2011ರಲ್ಲಿ ಪ್ರಕಟವಾದ ಮೈಟೊಕಾಂಡ್ರಿಯದ ಡಿಎನ್‌ಎ ಅಧ್ಯಯನ ತೋರಿಸಿತು.

ಈಗ ಉಪಗಣಗಳ ಪ್ರಶ್ನೆ. ಮೂರು ಎಂದು ಬರೆದ ಪುಸ್ತಕವೂ ಸುಳ್ಳು ಹೇಳಿದ್ದಲ್ಲ. ಅದು ಒಂದು ಕಾಲದ ಒಳ್ಳೆಯ ಅರಿವು. 1855ರಲ್ಲಿ ಬ್ರಾಂಟ್ ಎಂಬ ವಿಜ್ಞಾನಿ ದಂಶಕಗಳನ್ನು ಅಗಿಯುವ ಸ್ನಾಯುವಿನ ಜೋಡಣೆಯ ಮೇಲೆ ವಿಂಗಡಿಸಿದ. ಕೆನ್ನೆಯ ಮ್ಯಾಸೆಟರ್ ಸ್ನಾಯುವಿನ ಹೊರಪದರ ಮೂತಿಯ ಕಡೆಗೆ ಮುಂದೆ ಚಾಚಿದರೆ ಅಳಿಲಿನ ಬಗೆ. ಒಳಪದರ ಕಣ್ಣಿನ ಗುಳಿಯ ಮುಂದಿನ ದೊಡ್ಡ ರಂಧ್ರದೊಳಗೆ ತೂರಿ ಹೋದರೆ ಮುಳ್ಳುಹಂದಿಯ ಬಗೆ. ಎರಡೂ ಒಟ್ಟಿಗೆ ನಡೆದರೆ ಇಲಿಯ ಬಗೆ. 1945ರಲ್ಲಿ ಸಿಂಪ್ಸನ್ ತನ್ನ ಸಸ್ತನಿಗಳ ವರ್ಗೀಕರಣದಲ್ಲಿ ಇದನ್ನೇ ಮೂರು ಉಪಗಣಗಳಾಗಿ ಉಳಿಸಿಕೊಂಡ, ಮತ್ತು ಅಲ್ಲಿಂದ ಅದು ನಮ್ಮ ಪಠ್ಯಪುಸ್ತಕಗಳಿಗೆ ಇಳಿಯಿತು. ಅಂಗಳದ ಅಳಿಲು, ಬೆಟ್ಟದ ಮುಳ್ಳುಹಂದಿ, ಅಟ್ಟದ ಇಲಿ ಇವು ಮೂರನ್ನೇ ನೋಡುವವರಿಗೆ ಆ ವಿಂಗಡಣೆಯಲ್ಲಿ ಕೊರತೆ ಕಾಣುವುದೇ ಇಲ್ಲ.

ಕೊರತೆ ಇರುವುದು ಈ ಸ್ನಾಯುವಿನ ಜೋಡಣೆ ಬೇರೆ ಬೇರೆ ಕವಲುಗಳಲ್ಲಿ ಸ್ವತಂತ್ರವಾಗಿ ಹುಟ್ಟಿಕೊಂಡಿರುವುದರಲ್ಲಿ. ಯುರೋಪಿನ ಡಾರ್ಮೌಸ್‌ಗಳ ದವಡೆ ಇಲಿಯ ಬಗೆಯದು, ಆದರೆ ಅವುಗಳ ರಕ್ತಸಂಬಂಧ ಅಳಿಲಿನ ಕಡೆಗೆ. ಬೀವರ್‌ನ ದವಡೆ ಅಳಿಲಿನಂತೆ, ಸಂಬಂಧ ಇಲಿಯ ಕಡೆಗೆ. ಮರುಭೂಮಿಯಲ್ಲಿ ಎರಡು ಕಾಲಿನಲ್ಲಿ ಕುಪ್ಪಳಿಸುವ ಜೆರ್ಬೋವಾದ ದವಡೆ ಮುಳ್ಳುಹಂದಿಯಂತೆ, ಆದರೆ ಅದು ಇಲಿಗಳ ಅತಿ ಹತ್ತಿರದ ಸೋದರ ಗುಂಪು. ಗಟ್ಟಿ ಕಾಯಿ ಒಡೆಯಬೇಕಾದ, ಬೇರು ಕಡಿಯಬೇಕಾದ ಪ್ರಾಣಿಗಳಿಗೆ ಒಂದೇ ಯಾಂತ್ರಿಕ ಉಪಾಯ ಮತ್ತೆ ಮತ್ತೆ ಒದಗಿಬಂದಿದೆ, ಅಷ್ಟೆ. ಡಿಎನ್‌ಎ ಹೋಲಿಕೆ ಬಂದ ಮೇಲೆ ಈ ಗೋಜಲು ಬಿಡಿಸಿಕೊಂಡಿತು. 2005ರ ಹೊತ್ತಿಗೆ ಅಳಿಲು, ಬೀವರ್, ಇಲಿ, ಆಫ್ರಿಕದ ಶಲ್ಕಬಾಲದ ಹಾರುವ ದಂಶಕ, ಮುಳ್ಳುಹಂದಿ ಎಂಬ ಐದು ಗುಂಪುಗಳು ಐದು ಉಪಗಣಗಳಾಗಿ ರೂಢಿಗೆ ಬಂದವು. ಈಚೆಗೆ ಕೆಲವರು ಇಲಿ, ಬೀವರ್, ಶಲ್ಕಬಾಲದ ಗುಂಪುಗಳನ್ನು ಒಟ್ಟಿಗೆ ಒಂದೇ ಉಪಗಣದ ಕೆಳಗೆ ತರುತ್ತಾರೆ. ಅದು ನೆಂಟಸ್ತಿಕೆಯ ಬಗ್ಗೆ ಜಗಳವಲ್ಲ, ಯಾವ ಮೆಟ್ಟಿಲಿಗೆ ಯಾವ ಹೆಸರು ಎಂಬ ಲೆಕ್ಕಾಚಾರ ಮಾತ್ರ.

ಡಿಎನ್‌ಎ ಎಂದರೆ ಪ್ರಶ್ನಾತೀತ ಎಂದೂ ಮಗಳು ತಿಳಿಯಬಾರದು. 1990ರ ದಶಕದಲ್ಲಿ, ಕೆಲವೇ ಪ್ರಾಣಿಗಳ ಮಾಹಿತಿಯನ್ನಿಟ್ಟುಕೊಂಡು, ಗಿನಿಪಿಗ್ ದಂಶಕವೇ ಅಲ್ಲ ಎಂದು ಪ್ರತಿಷ್ಠಿತ ಪತ್ರಿಕೆಯಲ್ಲೇ ವಾದ ಮಂಡಿತವಾಗಿತ್ತು. ಹೆಚ್ಚು ಪ್ರಾಣಿಗಳ, ಹೆಚ್ಚು ಜೀನ್‌ಗಳ ಮಾಹಿತಿ ಸೇರಿದ ಮೇಲೆ ಆ ವಾದ ನಿಲ್ಲಲಿಲ್ಲ. ಎಲ್ಲ ದಂಶಕಗಳಿಗೂ ಒಬ್ಬನೇ ಪೂರ್ವಜ ಎಂಬುದು ಮತ್ತೆ ಸ್ಥಿರವಾಯಿತು. ಪ್ರಾಜೆಕ್ಟಿನ ಮಟ್ಟಿಗೆ ನನ್ನ ಸಲಹೆ ಇದು. ಐದು ಉಪಗಣಗಳನ್ನೇ ಮುಖ್ಯವಾಗಿ ಬರೆಯಲಿ, ಮೂರು ಉಪಗಣಗಳ ಪದ್ಧತಿ ಏಕೆ ಬಂತು ಮತ್ತು ಏಕೆ ಕೈಬಿಡಲಾಯಿತು ಎಂಬುದಕ್ಕೆ ಒಂದು ಪುಟ ಮೀಸಲಿಡಲಿ. ಬರಿ ಐದನ್ನು ಬರೆದರೆ ಹಳೆಯ ಪಠ್ಯ ಹಿಡಿದು ಕೂತ ಪರೀಕ್ಷಕರು ಅಂಕ ಕಳೆಯುವ ಸಾಧ್ಯತೆ ಇದೆ. ಬರಿ ಮೂರನ್ನು ಬರೆದರೆ ಮುಂದೆ ಎಂ.ಎಸ್ಸಿ.ಗೆ ಹೋದಾಗ ಕಲಿತದ್ದನ್ನು ಮರೆಯುವ ಕೆಲಸ ಬೀಳುತ್ತದೆ.

ಇಲಿಯ ಉಪಗಣದ ಒಳಗೆ ಮ್ಯೂರಾಯ್ಡಿಯ ಎಂಬ ಮಹಾಕುಟುಂಬವಿದೆ, ಮತ್ತು ಜಗತ್ತಿನ ಸಸ್ತನಿ ಪ್ರಭೇದಗಳಲ್ಲಿ ಸುಮಾರು ನಾಲ್ಕರಲ್ಲೊಂದು ಅದಕ್ಕೇ ಸೇರಿದ್ದು. ಅದರಲ್ಲಿ ಎಲ್ಲರಿಗಿಂತ ಮೊದಲು ಬೇರೆಯಾದ ಕವಲಿನ ಒಂದು ಪ್ರಾಣಿ ನಮ್ಮ ಪಶ್ಚಿಮ ಘಟ್ಟದ್ದು ಎಂಬುದು ನಿಮ್ಮ ಮಗಳಿಗೆ ಇಷ್ಟವಾಗಬಹುದು. ಕೊಡಗು, ವಯನಾಡು, ಆನೈಮಲೆಯ ಕಾಡುಗಳಲ್ಲಿ ಮರದ ಪೊಟರೆಯಲ್ಲಿ ವಾಸಿಸುವ, ಬೆನ್ನ ಮೇಲೆ ಚಪ್ಪಟೆ ಮುಳ್ಳುಗೂದಲು, ಬಾಲದ ತುದಿಯಲ್ಲಿ ಕುಂಚದಂಥ ರೋಮವಿರುವ ಪ್ಲಾಟಕ್ಯಾಂಥೊಮಿಸ್ ಲಾಸಿಯೂರಸ್ ಅದು. 1859ರಲ್ಲಿ ಬ್ಲೈತ್ ಅದಕ್ಕೆ ಹೆಸರಿಟ್ಟ. ಕುಂಚದ ಬಾಲ ನೋಡಿ ಬಹುಕಾಲ ಅದನ್ನು ಮಲಬಾರಿನ ಡಾರ್ಮೌಸ್ ಎಂದು ಕರೆದರು. ಅದು ಡಾರ್ಮೌಸ್ ಅಲ್ಲ. ಜೀವಂತವಾಗಿರುವ ಅದರ ಏಕೈಕ ಹತ್ತಿರದ ಬಂಧು ಟಿಫ್ಲೊಮಿಸ್ ಎಂಬುದು ಚೀನಾ ಮತ್ತು ವಿಯೆಟ್ನಾಂಗಳಲ್ಲಿದೆ. ಆ ಬಂಧು ಬಾವಲಿಯಂತೆ ಪ್ರತಿಧ್ವನಿ ಕೇಳಿಸಿಕೊಂಡು ಕತ್ತಲಲ್ಲಿ ದಾರಿ ಹುಡುಕುತ್ತದೆ ಎಂಬುದು ಈಚಿನ ವರ್ಷಗಳಲ್ಲಿ ದೃಢಪಟ್ಟಿದೆ. ಮುಳ್ಳುಗೂದಲು ನೋಡಿ ಸಂಬಂಧ ಕಟ್ಟಬಾರದು ಎಂಬುದಕ್ಕೂ ಇದೇ ಉದಾಹರಣೆ: ಈ ಘಟ್ಟದ ಪ್ರಾಣಿ, ಮೇಲೆ ಹೇಳಿದ ಮಸ್ ಪ್ಲಾಟಿಥ್ರಿಕ್ಸ್, ಆಫ್ರಿಕದ ಅಕೋಮಿಸ್, ಮುಳ್ಳುಹಂದಿ ಇವು ನಾಲ್ಕೂ ತಮ್ಮ ತಮ್ಮ ಮುಳ್ಳನ್ನು ಬೇರೆ ಬೇರೆಯಾಗಿಯೇ ಪಡೆದವು. ಮುಂಡಗೋಡ, ಹಳಿಯಾಳದಂಥ ಬಯಲು ಸೀಮೆಯ ಅಂಚಿನ ಹೊಲಗಳಲ್ಲಿ ರಾತ್ರಿ ಜಿಗಿಯುತ್ತ ಓಡುವ, ಬಿಳಿ ಹೊಟ್ಟೆಯ ಟಟೇರಾ ಇಂಡಿಕಾ ಎಂಬ ಜರ್ಬಿಲ್ಲನ್ನು ಸಿಂಪ್ಸನ್ ಹ್ಯಾಮ್‌ಸ್ಟರ್‌ಗಳ ಜೊತೆ ಇಟ್ಟಿದ್ದ; ಈಗ ಅದು ನಮ್ಮ ಇಲಿಗಳ ಮ್ಯೂರಿಡೇ ಕುಟುಂಬದೊಳಗೇ ಬಂದಿದೆ, ಮತ್ತು ಅಕೋಮಿಸ್ ಅದಕ್ಕೆ ಹತ್ತಿರದ್ದು.

ತೋಟದ ಇಲಿ, ಅಟ್ಟದ ಇಲಿ ಒಂದೆಯೋ ಎಂದು ಕೇಳಿದ್ದೀರಿ. ಹೆಚ್ಚಾಗಿ ಒಂದೇ. ಬಿಳಿ ಹೊಟ್ಟೆಯ, ಮರ ಹತ್ತುವ ತೋಟದ ಇಲಿಗೆ ಹಿಂದೆ ವ್ರೌಟೊನೈ ಎಂಬ ಉಪಪ್ರಭೇದದ ಹೆಸರಿತ್ತು. ಈಗ ಅದನ್ನು ರಾಟಸ್ ರಾಟಸ್‌ನೊಳಗೇ ಸೇರಿಸಲಾಗಿದೆ. ಹೊಟ್ಟೆಯ ಬಣ್ಣ ಬೂದಿಯೋ ಬಿಳಿಯೋ ಎಂಬುದು ಈ ಪ್ರಭೇದದಲ್ಲಿ ಬದಲಾಗುತ್ತಿರುತ್ತದೆ, ಅದನ್ನು ನಂಬಿ ಎರಡು ಪ್ರಭೇದ ಮಾಡಬಾರದು. ಆದರೆ ಸೊಪ್ಪಿನ ಬೆಟ್ಟ ದಾಟಿ ದಟ್ಟ ಕಾಡಿಗೆ ಹೋದರೆ ಪರಿಸ್ಥಿತಿ ಬೇರೆ. 1918ರಲ್ಲಿ ಹಿಂಟನ್, ಸಾತಾರಾ ಕಡೆಯ ಮಾದರಿಗಳಿಗೆ ಸತಾರೇ ಎಂದು ಉಪಪ್ರಭೇದದ ಹೆಸರು ಕೊಟ್ಟಿದ್ದ. ಸಹ್ಯಾದ್ರಿಯ ಕಾಡಿನ ಆ ಇಲಿ ಕಪ್ಪು ಇಲಿಯ ಪಕ್ಕದಲ್ಲೇ ಬದುಕಿದರೂ ಬೇರೆಯೇ ಪ್ರಭೇದ ಎಂದು ದಕ್ಷಿಣ ಭಾರತದ ಮಾದರಿಗಳ ಮೇಲೆ ನಡೆದ ಅಧ್ಯಯನವೊಂದು 2011ರಲ್ಲಿ ತೋರಿಸಿತು. ಅದು ಕಾಡಿನದು, ನಮ್ಮ ಕಣಜಕ್ಕೆ ಬರುವಂಥದ್ದಲ್ಲ. ಬಾಲದ ತುದಿಯ ಕಡೆಯ ಭಾಗ ಬೆಳ್ಳಗಿರುವ ಇಲಿ ಕಂಡರೆ ಅದು ಇನ್ನೂ ಬೇರೆ, ಮ್ಯಾಡ್ರೊಮಿಸ್ ಬ್ಲಾನ್‌ಫೋರ್ಡೈ. ಗಾತ್ರ ಇಲಿಯದ್ದೇ, ಆದರೆ ಅದನ್ನು ಸೇರಿಸಿರುವ ಮಿಲ್ಲಾರ್ಡಿಯ ಗುಂಪು ವಂಶಾವಳಿಯಲ್ಲಿ ಇಲಿಗಿಂತ ಚಿಟ್ಟಿಲಿಯ ಕಡೆಗೆ ವಾಲುತ್ತದೆ. ಮಿಲ್ಲಾರ್ಡಿಯ ಎಂಬ ಮೆತ್ತನೆ ರೋಮದ ಹೊಲದ ಇಲಿಯನ್ನು ವಿಜ್ಞಾನಕ್ಕೆ ಪರಿಚಯಿಸಿದ ಮಾದರಿಗಳು ಹೋದದ್ದು ನಮ್ಮ ಪಕ್ಕದ ಧಾರವಾಡದಿಂದ; ಅಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ ದಕ್ಷಿಣ ಮರಾಠಾ ಸೀಮೆಯ ಸಸ್ತನಿಗಳ ಪಟ್ಟಿಯನ್ನೇ 1839ರಲ್ಲಿ ಪ್ರಕಟಿಸಿದ.

ಈ ಹೆಸರು ಬದಲಾವಣೆಗಳು ಪಂಡಿತರ ಆಟವೆಂದು ಅನ್ನಿಸಬಹುದು. ನಮ್ಮ ಜಿಲ್ಲೆಗೆ ಹಾಗಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ, ಸಿದ್ದಾಪುರದ ಕಡೆ ಈಗಲೂ ಜನರನ್ನು ಕಾಡುವ ಮಂಗನ ಕಾಯಿಲೆಯ ವೈರಾಣು ಉಣುಗುಗಳಿಂದ ಹರಡುತ್ತದೆ. ಉಣುಗಿನ ಎಳೆಯ ಹಂತಗಳು ಕಾಡಿನ ಸಣ್ಣ ಸಸ್ತನಿಗಳ ರಕ್ತ ಹೀರುತ್ತವೆ. ಹಳೆಯ ವರದಿಗಳಲ್ಲಿ ವೈರಾಣು ಸಿಕ್ಕಿದ್ದು ರಾಟಸ್ ಬ್ಲಾನ್‌ಫೋರ್ಡೈ, ರಾಟಸ್ ರಾಟಸ್ ವ್ರೌಟೊನೈ ಮತ್ತು ಸುಂಕಸ್‌ಗಳಲ್ಲಿ ಎಂದಿರುತ್ತದೆ. ಇವುಗಳಲ್ಲಿ ಮೊದಲನೆಯದೇ ಈಗಿನ ಮ್ಯಾಡ್ರೊಮಿಸ್. ಹೆಸರು ಬದಲಾದದ್ದು ಗೊತ್ತಿಲ್ಲದವರು ಮೊದಲೆರಡನ್ನು ಒಂದೇ ಕುಲದ ಇಲಿಗಳೆಂದು ಓದುತ್ತಾರೆ. ವಾಸ್ತವದಲ್ಲಿ ಒಂದು ಕಾಡಿನದು, ಒಂದು ತೋಟ ಮತ್ತು ಮನೆಯದು, ಮೂರನೆಯದು ದಂಶಕವೇ ಅಲ್ಲ. ಅವು ಮೂರೂ ಉಣುಗನ್ನು ಒಂದೇ ಜಾಗದಲ್ಲಿ, ಒಂದೇ ರೀತಿಯಲ್ಲಿ ಹೊರುವುದಿಲ್ಲ.

ಇನ್ನು ನಿಮ್ಮ ನಷ್ಟಕ್ಕೆ ಬರೋಣ. ಮದ್ದು ತರುವ ಮೊದಲು ಕಾಯಿ ನೋಡಿ. ಕೊಕ್ಕೋ ಕಾಯಿಯನ್ನು ತೊಟ್ಟಿನ ಹತ್ತಿರ ಕೊರೆದಿದ್ದರೆ ಇಲಿ; ಕಾಯಿಯ ನಡುಭಾಗದಲ್ಲಿ ಕೊರೆದಿದ್ದರೆ ಅಳಿಲು. ಎಳನೀರಿನಲ್ಲಿ ಇಲಿ ತೊಟ್ಟಿನ ಟೊಪ್ಪಿಯ ಬಳಿಯೇ ತೂತು ಮಾಡುತ್ತದೆ, ಮತ್ತು ಅಂಥ ಕಾಯಿ ಬುಡದಲ್ಲಿ ಉದುರಿ ಬಿದ್ದಿರುತ್ತದೆ. ಅಳಿಲಿನ ಕೆಲಸವಾಗಿದ್ದರೆ ರಾತ್ರಿ ಇಟ್ಟ ಮದ್ದಿನಿಂದ ಪ್ರಯೋಜನವಿಲ್ಲ, ಅಳಿಲು ಹಗಲಿನ ಪ್ರಾಣಿ. ಹಣ್ಣಾಗುತ್ತಿದ್ದಂತೆ ಕಾಯಿ ಕೊಯ್ಯುವುದೇ ಅದಕ್ಕೆ ಹೆಚ್ಚು ಫಲಕಾರಿ.

ಇಲಿಯದ್ದೇ ಆಗಿದ್ದರೆ ಕೆಲವು ದಾರಿಗಳಿವೆ. ಒಂಟಿಯಾಗಿ ನಿಂತ ತೆಂಗಿನ ಮರಕ್ಕೆ ಆಳೆತ್ತರದ ಮೇಲೆ ನಯವಾದ ತಗಡಿನ ಪಟ್ಟಿ ಸುತ್ತಿದರೆ ಇಲಿ ಹತ್ತಲಾರದು. ಆದರೆ ತೆಂಗಿನ ಗರಿ ಅಡಿಕೆ ಮರದ ಸೋಗೆಗೆ ತಾಗುವಂತಿದ್ದರೆ ತಗಡು ವ್ಯರ್ಥ, ಅದು ಮೇಲಿನಿಂದಲೇ ದಾಟಿ ಬರುತ್ತದೆ. ನಿಮ್ಮ ತೋಟದಲ್ಲಿ ಅಂಚಿನ ಮರಗಳಿಗೆ ಮಾತ್ರ ಇದು ಕೆಲಸ ಮಾಡೀತು. ಅಟ್ಟದ ಮೇಲೆ ಬೋನು ಅಥವಾ ಇಲಿ ಹಿಡಿಯುವ ಕತ್ತರಿ ನನ್ನ ಮೊದಲ ಆಯ್ಕೆ. ಕಪ್ಪು ಇಲಿ ಹೊಸ ವಸ್ತುವನ್ನು ಕಂಡರೆ ಅಂಜುವ ಪ್ರಾಣಿ, ಆದ್ದರಿಂದ ಮೊದಲ ಕೆಲವು ರಾತ್ರಿ ಬೋನಿನ ಬಾಗಿಲನ್ನು ಕಟ್ಟಿ ತೆರೆದೇ ಇಟ್ಟು, ಸುಟ್ಟ ಕೊಬ್ಬರಿ ತಿನ್ನುವ ರೂಢಿಯಾದ ಮೇಲೆ ಬಿಡಿಸಿಡಬೇಕು. ಚಿಟ್ಟಿಲಿಗೆ ಈ ಅಂಜಿಕೆ ಕಡಿಮೆ, ಅದು ಕುತೂಹಲದಿಂದಲೇ ಬಂದು ಸಿಕ್ಕಿಬೀಳುತ್ತದೆ. ಆದರೆ ದೊಡ್ಡ ಬೋನಿನ ಸರಳಿನ ನಡುವೆ ನುಸುಳಿ ಹೋಗುವುದರಿಂದ ಸಣ್ಣ ಕತ್ತರಿಯೇ ಬೇಕು.

ಹೆಗ್ಗಣದ ವಿಷಯದಲ್ಲಿ ಬಿಲವೇ ಗುರುತು. ಬದುವಿನ ಮೇಲೆ ಸಡಿಲ ಮಣ್ಣಿನ ಗುಡ್ಡೆ ಇದ್ದು, ಬಿಲದ ಬಾಯಿ ಮುಚ್ಚಿದ್ದರೆ ಒಳಗೆ ಹೆಗ್ಗಣವಿದೆ ಎಂದರ್ಥ. ಒಳಗೆ ಅಗೆದರೆ ಕತ್ತರಿಸಿದ ಭತ್ತದ ತೆನೆಗಳ ದಾಸ್ತಾನು ಸಿಗುತ್ತದೆ. ಇಡೀ ಬಯಲಿನವರು ಒಟ್ಟಾಗಿ, ಬದುಗಳನ್ನು ಸಣ್ಣದಾಗಿಟ್ಟುಕೊಂಡು, ಕೊಯ್ಲಿನ ಬೆನ್ನಿಗೇ ಬಿಲ ಅಗೆದರೆ ಮಾತ್ರ ಪ್ರಯೋಜನ. ಒಬ್ಬರ ಗದ್ದೆಯಲ್ಲಿ ಅಗೆದರೆ ಪಕ್ಕದ ಗದ್ದೆಯಿಂದ ಮತ್ತೆ ಬರುತ್ತವೆ.

ಮದ್ದಿನ ಬಗ್ಗೆ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಸತುವಿನ ಫಾಸ್ಫೈಡ್ ಹೊಟ್ಟೆಯ ಆಮ್ಲದ ಜೊತೆ ಸೇರಿ ಫಾಸ್ಫೀನ್ ಅನಿಲ ಬಿಡುತ್ತದೆ, ಅದಕ್ಕೆ ಪ್ರತಿವಿಷವಿಲ್ಲ. ಹಳದಿ ರಂಜಕದ ಪೇಸ್ಟಿಗೂ ಇಲ್ಲ, ಮಕ್ಕಳಿರುವ ಮನೆಗೆ ಅದನ್ನು ತರಲೇಬಾರದು. ಸತುವಿನ ಫಾಸ್ಫೈಡ್ ಇಟ್ಟ ಮೊದಲ ಸಲ ಅರ್ಧಂಬರ್ಧ ತಿಂದು ಬದುಕುಳಿದ ಇಲಿ ಆ ತಿನಿಸನ್ನು ಮತ್ತೆ ಮುಟ್ಟುವುದಿಲ್ಲ. ಅದಕ್ಕೇ ಎರಡು ಮೂರು ದಿನ ಮದ್ದಿಲ್ಲದ ತಿನಿಸಿಟ್ಟು ರೂಢಿ ಮಾಡಿಸುವ ಕ್ರಮವಿರುವುದು. ಬ್ರೊಮಾಡಯೊಲೋನ್ ಬಿಲ್ಲೆ ರಕ್ತ ಹೆಪ್ಪುಗಟ್ಟದಂತೆ ಮಾಡಿ ಕೆಲವು ದಿನಗಳ ನಂತರ ಕೊಲ್ಲುತ್ತದೆ; ಅದಕ್ಕೆ ವಿಟಮಿನ್ ಕೆ ಪ್ರತಿವಿಷವಾಗಿ ಇದೆ, ಇಲಿಗೆ ಅನುಮಾನವೂ ಬರುವುದಿಲ್ಲ. ಆದರೆ ಆ ಕೆಲವು ದಿನ ಮಂಕಾಗಿ ಓಡಾಡುವ ಇಲಿಯನ್ನು ಹಿಡಿದು ತಿಂದ ಕೇರೆ ಹಾವು, ಗೂಬೆ, ನಿಮ್ಮದೇ ಬೆಕ್ಕು ಕೂಡ ಅಪಾಯಕ್ಕೆ ಸಿಕ್ಕುತ್ತವೆ. ಕಾ‌ಡಂಚಿನ ತೋಟದಲ್ಲಿ ತಿಂಗಳುಗಟ್ಟಲೆ ಬಿಲ್ಲೆ ಎಸೆಯುವುದನ್ನು ನಾನು ಒಪ್ಪುವುದಿಲ್ಲ. ಇಡಲೇಬೇಕೆಂದರೆ ಇಲಿಗಷ್ಟೇ ನುಗ್ಗಲು ಬರುವ ಬಿದಿರಿನ ಅಂಡೆಯೊಳಗೆ, ಹಾನಿ ಕಂಡ ಮರಗಳಲ್ಲಿ ಮಾತ್ರ ಇಡಿ, ಸತ್ತ ಇಲಿಗಳನ್ನು ಹುಡುಕಿ ಆಳವಾಗಿ ಹೂಳಿ. ಸತ್ತದ್ದನ್ನು ಬರಿಗೈಯಲ್ಲಿ ಮುಟ್ಟಬೇಡಿ. ಇಲಿ ಜ್ವರದ ರೋಗಾಣು ಅವುಗಳ ಮೂತ್ರದಲ್ಲಿರುತ್ತದೆ, ಮಳೆಗಾಲದಲ್ಲಿ ಗದ್ದೆಯ ನೀರಿನಲ್ಲಿ ಗಾಯದ ಕಾಲಿಟ್ಟವರಿಗೆ ಅದು ತಗಲುತ್ತದೆ. ಗದ್ದೆಗೆ ಇಳಿದ ಕೆಲವು ದಿನಗಳಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಗಾಗುವುದು ಕಂಡರೆ ವೈದ್ಯರಿಗೆ ಗದ್ದೆಗೆ ಇಳಿದದ್ದನ್ನೂ ಹೇಳಿ.

ಬೋನಿಗೆ ಬಿದ್ದವುಗಳನ್ನು ಮಗಳು ಪ್ರಾಜೆಕ್ಟಿಗೆ ಬಳಸುವುದಾದರೆ ಅವಳ ಅಧ್ಯಾಪಕರ ಕಣ್ಗಾವಲಿನಲ್ಲಿ, ಕೈಗವಸು ಮತ್ತು ಮಾಸ್ಕ್ ಹಾಕಿಕೊಂಡು ಮಾಡಲಿ. ಪ್ರತಿಯೊಂದಕ್ಕೂ ತಲೆ ಮತ್ತು ಮೈಯ ಉದ್ದ, ಬಾಲದ ಉದ್ದ, ಉಗುರು ಬಿಟ್ಟು ಹಿಂಪಾದದ ಉದ್ದ, ಕಿವಿಯ ಉದ್ದ, ತೂಕ, ಸಿಕ್ಕಿದ ಜಾಗ ಮತ್ತು ದಿನಾಂಕ ಬರೆಯಲಿ. ಬಾಲ ಮೈಗಿಂತ ಉದ್ದವಿದ್ದರೆ ಕಪ್ಪು ಇಲಿ, ಮೈಗಿಂತ ಗಿಡ್ಡವಾಗಿ ದಪ್ಪವಿದ್ದರೆ ಹೆಗ್ಗಣ ಅಥವಾ ಕಂದು ಇಲಿ ಎಂಬಲ್ಲಿಂದ ಶುರು ಮಾಡಿ, ಮೇಲ್ದವಡೆಯ ಫೋಟೋವನ್ನು ಅಳತೆಪಟ್ಟಿಯ ಜೊತೆ ತೆಗೆದಿಟ್ಟುಕೊಂಡರೆ ಕುಲದವರೆಗೆ ಅವಳೇ ಗುರುತಿಸಬಹುದು. ಬಾಲದ ತುದಿಯ ಕಡೆ ಬೆಳ್ಳಗಿರುವುದೋ, ಕಾಡಿನ ಅಂಚಿನಲ್ಲಿ ಸಿಕ್ಕಿದ ಉದ್ದ ಮೆತ್ತನೆ ರೋಮದ ಬಿಳಿ ಹೊಟ್ಟೆಯದೋ ಆಗಿದ್ದರೆ ಅದನ್ನು ಕೊಲ್ಲದೆ, ಫೋಟೋ ತೆಗೆದು ಸಿಕ್ಕ ಜಾಗದಲ್ಲೇ ಬಿಟ್ಟುಬಿಡಲಿ.